ರೋಲ್‌ಕಾಲ್ ಅರ್ಜಿ ಯಾವುದು, ನಿಜವಾದ ಅರ್ಜಿ ಯಾವುದು?

ಮಾನ್ಯ ಸಂಪಾದಕರೇ,

ಮಾಹಿತಿ ಹಕ್ಕು ಅರ್ಜಿ ವಾಪಸ್ ಪಡೆಯಲು ಹಣ ಕೇಳಿದವನು ಪೊಲೀಸರ ಕೈಗೆ ಸಿಕ್ಕಿಬಿದ್ದ ಎಂಬ ಸುದ್ದಿ ಈಗ ಜಿಲ್ಲಾ ಪುಟಗಳಲ್ಲಿ ಅಪರೂಪವಲ್ಲ. ಸುದ್ದಿ ಬಂದ ಮರುದಿನ ತಾಲ್ಲೂಕು ಕಚೇರಿಯಿಂದ ಹಿಡಿದು ಚಹಾ ಅಂಗಡಿಯವರೆಗೆ ಒಂದೇ ಮಾತು: ‘ಈ ಆರ್‌ಟಿಐ ಹಾಕೋರೆಲ್ಲ ಹಿಂಗೇ, ಎಲ್ಲಾ ರೋಲ್‌ಕಾಲ್ ಗಿರಾಕಿಗಳು.’ ಭ್ರಷ್ಟಾಚಾರ ವಿರೋಧಿ ಎಂದು ಬೋರ್ಡು ಹಾಕಿಕೊಂಡವರ ಅಸಲಿ ಉದ್ದೇಶ ಏನೆಂದು ಕೇಳುವುದರಲ್ಲಿ ತಪ್ಪೇನಿಲ್ಲ, ಕೇಳಲೇಬೇಕು. ಆದರೆ ಮನಸ್ಸಿನಲ್ಲಿ ಏನಿದೆ ಎಂದು ಊಹೆ ಮಾಡುವುದು ಬೇರೆ, ಕಡತದಲ್ಲಿ ಏನು ನಡೆದಿದೆ ಎಂದು ನೋಡುವುದು ಬೇರೆ. ಇಂಥ ಅರ್ಜಿಗಳನ್ನು ಬರೆದುಕೊಡುವ, ಉತ್ತರಗಳನ್ನು ಓದಿ ಹೇಳುವ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಎರಡನೆಯದರ ಬಗ್ಗೆ ಬರೆಯುತ್ತಿದ್ದೇವೆ.

ಮೊದಲು ವಸೂಲಿ ನಡೆಯುವ ಬಗೆ. ನಗರದಲ್ಲಿ ಇದಕ್ಕೆ ಅತ್ಯಂತ ಸುಲಭದ ಗುರಿ, ಕಟ್ಟುತ್ತಿರುವ ಮನೆ. ಮೂವತ್ತು–ನಲವತ್ತರ ನಿವೇಶನ, ನೆಲಮಹಡಿ ಮತ್ತು ಎರಡು ಅಂತಸ್ತಿಗೆ ನಕ್ಷೆ ಮಂಜೂರಾಗಿರುತ್ತದೆ, ಮೇಲೆ ನಾಲ್ಕನೆಯ ಮೋಲ್ಡ್‌ಗೆ ಸೆಂಟ್ರಿಂಗ್ ಹೊಡೆಯುತ್ತಿರುತ್ತಾರೆ. ಪಕ್ಕದಲ್ಲಿ ಒಂದು ಮೀಟರ್ ಬಿಡಬೇಕಾದ ಕಡೆ ಒಂದಡಿ ಬಿಟ್ಟಿರುತ್ತಾರೆ. ಇದು ರಸ್ತೆಯಲ್ಲಿ ಹೋಗುವ ಯಾರಿಗಾದರೂ ಕಾಣುತ್ತದೆ, ವಸೂಲಿಗಾರನಿಗೆ ಮೊದಲು ಕಾಣುತ್ತದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಪಾಲಿಕೆಗೆ ಒಂದು ಅರ್ಜಿ ಹಾಕುತ್ತಾನೆ: ಮಂಜೂರಾದ ನಕ್ಷೆ, ಕಾಮಗಾರಿ ಆರಂಭದ ಪತ್ರ, ಉಲ್ಲಂಘನೆಯ ನೋಟಿಸ್ ಕೊಟ್ಟಿದ್ದರೆ ಅದರ ಪ್ರತಿ. ಇಷ್ಟರವರೆಗೆ ನಿಜವಾದ ದೂರುದಾರನಿಗೂ ಇವನಿಗೂ ಯಾವ ವ್ಯತ್ಯಾಸವೂ ಇಲ್ಲ. ಅರ್ಜಿಯ ಒಕ್ಕಣೆ ಕೂಡ ಒಂದೇ.

ವ್ಯತ್ಯಾಸ ಶುರುವಾಗುವುದು ಅಲ್ಲಿಂದ ಮುಂದೆ. ಅವನಿಗೆ ಬೇಕಿರುವುದು ಉತ್ತರವಲ್ಲ, ಕಚೇರಿಯ ಸೀಲು ಬಿದ್ದ ಸ್ವೀಕೃತಿ ಪ್ರತಿ. ಅದನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಮನೆ ಮಾಲೀಕನಿಗೆ, ಇಲ್ಲವೇ ಕಟ್ಟಡದ ಮೇಸ್ತ್ರಿಗೆ ಕಳುಹಿಸುತ್ತಾನೆ. ಎರಡನೆಯ ಭೇಟಿಯಲ್ಲಿ ಲೋಕಾಯುಕ್ತಕ್ಕೆ ಬರೆದ ದೂರು ಎಂದು ಟೈಪ್ ಮಾಡಿದ ಹಾಳೆ ತೋರಿಸುತ್ತಾನೆ. ಅದು ದಾಖಲಾಗಿರುವುದಿಲ್ಲ, ದಾಖಲಿಸುವ ಇರಾದೆಯೂ ಇರುವುದಿಲ್ಲ. ಮೂರನೆಯ ಸಲ ಬರುವುದು ಅವನಲ್ಲ, ‘ನಾನು ಮಾತಾಡ್ಸಿ ಸರಿ ಮಾಡಿಸ್ತೀನಿ ಅಣ್ಣ’ ಎನ್ನುವ ಮಧ್ಯವರ್ತಿ. ಮೊತ್ತ ಬರುವುದು ಯಾವಾಗಲೂ ಈ ಮಧ್ಯವರ್ತಿಯ ಬಾಯಿಂದಲೇ. ಅರ್ಜಿದಾರ ಹಣ ಕೇಳಿದ್ದಕ್ಕೆ ಸಾಕ್ಷಿಯೇ ಇರಬಾರದು ಎಂಬುದು ಲೆಕ್ಕಾಚಾರ.

ಇಲ್ಲಿ ಜನ ತಿಳಿಯದೆ ಮಾಡುವ ಎಡವಟ್ಟು ಒಂದಿದೆ. ಹಣ ಕೊಟ್ಟರೆ ಅರ್ಜಿ ‘ಕ್ಯಾನ್ಸಲ್’ ಆಗುತ್ತದೆ ಎಂದುಕೊಳ್ಳುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಿಂಪಡೆಯುವುದಕ್ಕೆಂದು ಒಂದು ಕಲಂ ಕೂಡ ಇಲ್ಲ. ಕಚೇರಿಗಳು ‘ನನಗೆ ಮಾಹಿತಿ ಅಗತ್ಯವಿರುವುದಿಲ್ಲ’ ಎಂಬ ಎರಡು ಸಾಲಿನ ಪತ್ರ ಬರೆಸಿಕೊಂಡು ಕಡತ ಮುಚ್ಚುವುದು ರೂಢಿ ಅಷ್ಟೆ. ಕಡತ ಮುಚ್ಚಿದರೂ ನಾಲ್ಕನೆಯ ಅಂತಸ್ತು ಅಲ್ಲೇ ಇರುತ್ತದೆ, ಒಂದಡಿಯ ಸಂದಿಯೂ ಅಲ್ಲೇ. ಆರು ತಿಂಗಳಾದ ಮೇಲೆ ಇನ್ನೊಬ್ಬ ಅದೇ ಒಕ್ಕಣೆಯ ಅರ್ಜಿ ತಂದು ತೋರಿಸುತ್ತಾನೆ. ಬಹಳ ಸಲ ಅವನಿಗೆ ವಿಳಾಸ ಕೊಟ್ಟವನು ಮೊದಲನೆಯವನೇ. ಕೆಲವು ಕಡೆ ಅರ್ಜಿ ‘ಹಾಕಿಸುವುದು’ ಕಚೇರಿಯ ಒಳಗಿನವರೇ. ತಾವೇ ನೋಟಿಸ್ ಕೊಟ್ಟರೆ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 321ನೇ ಕಲಮಿನಂತೆ ತಾತ್ಕಾಲಿಕ ಆದೇಶ, ಕಾರಣ ಕೇಳುವುದು, ಅಂತಿಮ ಆದೇಶ ಎಂದು ಕ್ರಮವಾಗಿ ಹೋಗಬೇಕು, ಮೇಲೆ ಟ್ರಿಬ್ಯುನಲ್‌ಗೆ ಉತ್ತರ ಕೊಡಬೇಕು. ಹೊರಗಿನವನ ಅರ್ಜಿಯ ಹೆದರಿಕೆ ಹುಟ್ಟಿಸಿದರೆ ಅದೊಂದೂ ಬೇಡ.

ಈಚೆಗೆ ಈ ವ್ಯವಹಾರಕ್ಕೆ ಬಲ ಬಂದಿರುವುದಕ್ಕೆ ಕಾರಣವೂ ಇದೆ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್ 17ರಂದು ಅದೇ ಕೋರ್ಟು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಎಲ್ಲರೂ ಕರೆಯುವ ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದಿತು. ತೀರ್ಪು ಸರಿಯೇ. ಆದರೆ ಸಕ್ರಮಕ್ಕೆ ದಾರಿಯಿಲ್ಲ, ಕರೆಂಟಿಗೆ ಓಸಿ ಬೇಕು ಎಂಬ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ಮಾಲೀಕನಿಗೆ ಹತ್ತು ರೂಪಾಯಿಯ ಅರ್ಜಿ ತೋರಿಸಿದರೂ ಸಾಕು, ಬೆವರಿಳಿಯುತ್ತದೆ.

ಇನ್ನು ಹಳ್ಳಿಯ ಕಡೆ. ಅಲ್ಲಿ ಗುರಿ ಗ್ರಾಮ ಪಂಚಾಯಿತಿ, ಸಿಕ್ಕಿಕೊಳ್ಳುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಅರ್ಜಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಕಳೆದ ಐದು ವರ್ಷಗಳಲ್ಲಿ ತಮ್ಮ ಪಂಚಾಯಿತಿಯಲ್ಲಿ ಕೈಗೊಂಡ ಎಲ್ಲ ಕಾಮಗಾರಿಗಳ ಅಂದಾಜು ಪಟ್ಟಿ, ಅಳತೆ ಪುಸ್ತಕ, ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ), ಬಿಲ್, ವೋಚರ್, ನಗದು ಪುಸ್ತಕಗಳ ದೃಢೀಕೃತ ನಕಲು.’ ಒಂದು ಹಾಳೆಗೆ ಎರಡು ರೂಪಾಯಿಯಂತೆ ಕಚೇರಿಯವರು ಲೆಕ್ಕ ಹಾಕಿ, ಮೂರು ಸಾವಿರ ಪುಟ, ಆರು ಸಾವಿರ ರೂಪಾಯಿ ಕಟ್ಟಿ ಎಂದು ಪತ್ರ ಕಳುಹಿಸುತ್ತಾರೆ. ಅರ್ಜಿದಾರ ಕಟ್ಟುವುದಿಲ್ಲ. ಕಟ್ಟುವವರೆಗಿನ ದಿನಗಳು ಮೂವತ್ತು ದಿನದ ಗಡುವಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ, ಆದರೂ ಮೂವತ್ತೊಂದನೆಯ ದಿನಕ್ಕೆ ಮೊದಲ ಮೇಲ್ಮನವಿ ಬಂದು ಬೀಳುತ್ತದೆ. ಆಮೇಲೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳುತ್ತದೆ ಎಂಬ ಮಾತು ಪಿಡಿಒ ಕಿವಿಗೆ ಯಾರಿಂದಲೋ ಬೀಳುತ್ತದೆ. ಆ ದಂಡ ವಿಧಿಸುವುದು ಮಾಹಿತಿ ಆಯೋಗ, ಅದೂ ಅಧಿಕಾರಿಯ ವಿವರಣೆ ಕೇಳಿದ ಮೇಲೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಪಿಡಿಒಗೆ ಅದನ್ನು ಬಿಡಿಸಿ ಹೇಳುವವರು ಯಾರು?

ಇದರ ಎದುರಿಗೆ, ನಿಜವಾಗಿ ಲೆಕ್ಕ ಕೇಳುವವನ ಅರ್ಜಿ ಹೇಗಿರುತ್ತದೆ ನೋಡಿ. ಅವನು ಒಂದೇ ಕಾಮಗಾರಿ ಹಿಡಿಯುತ್ತಾನೆ. ಇಂಥ ಊರಿನ ಇಂಥ ಬೀದಿಯ ಸಿ.ಸಿ. ರಸ್ತೆ, ಇಂಥ ಆರ್ಥಿಕ ವರ್ಷ. ಕೇಳುವುದು ಮೂರೇ ಕಾಗದ: ಅಂದಾಜು ಪಟ್ಟಿ, ಅಳತೆ ಪುಸ್ತಕದ ಆ ಪುಟಗಳು, ಅಂತಿಮ ಬಿಲ್ಲು. ಹತ್ತು–ಹನ್ನೆರಡು ಹಾಳೆ, ಇಪ್ಪತ್ತೈದು ರೂಪಾಯಿಯೊಳಗೆ ಮುಗಿಯಿತು. ಅಳತೆ ಪುಸ್ತಕದಲ್ಲಿ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 0.15 ಮೀಟರ್, ಒಟ್ಟು 45 ಘನ ಮೀಟರ್ ಎಂದು ಬರೆದಿದೆ ಎನ್ನೋಣ. ಟೇಪು ಹಿಡಿದು ಹೋದರೆ ಉದ್ದ, ಅಗಲ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಅವು ಯಾರ ಕಣ್ಣಿಗಾದರೂ ಕಾಣುವಂಥವು, ಅಲ್ಲಿ ಯಾರೂ ಕದಿಯುವುದಿಲ್ಲ. ಕದಿಯುವುದು ದಪ್ಪದಲ್ಲಿ. ಬದಿಗೆ ಇನ್ನೂ ಗ್ರಾವೆಲ್ ತುಂಬದ ಕಡೆ ಸ್ಲ್ಯಾಬಿನ ಅಂಚಿಗೆ ಅಡ್ಡಪಟ್ಟಿ ಹಿಡಿದರೆ ಹದಿನೈದು ಸೆಂಟಿಮೀಟರ್ ಇರಬೇಕಾದದ್ದು ಹತ್ತು ಇರುತ್ತದೆ. ಇನ್ನೂ ಚಾಲಾಕಿಗಳು ಅಂಚನ್ನು ಮಾತ್ರ ದಪ್ಪಗೆ ಹಾಕಿ ನಡುವೆ ಉಬ್ಬು ನೆಲವನ್ನು ಹಾಗೇ ಬಿಟ್ಟಿರುತ್ತಾರೆ, ಆಗ ಕೋರ್ ಕಟಿಂಗ್, ಅಂದರೆ ರಸ್ತೆ ಕೊರೆದು ಕಾಂಕ್ರೀಟಿನ ತುಂಡು ತೆಗೆಯುವುದನ್ನು, ಮಾಡಿಸದೆ ಗೊತ್ತಾಗುವುದಿಲ್ಲ. ಹತ್ತು ಸೆಂಟಿಮೀಟರ್ ಎಂದರೆ ಸುರಿದದ್ದು 30 ಘನ ಮೀಟರ್, ಬಿಲ್ಲು 45ಕ್ಕೆ. ಎಂ–20 ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟ್ ಹಿಡಿದರೂ ನೂರಿಪ್ಪತ್ತು ಚೀಲ ರಸ್ತೆಗೆ ಬಂದೇ ಇಲ್ಲ. ಮರಳು, ಜಲ್ಲಿ ಬೇರೆ.

ಕಾಯ್ದೆಯ 2(ಜೆ) ಕಲಮಿನಲ್ಲಿ ನಾಗರಿಕನಿಗೆ ಕಾಗದ ಪಡೆಯುವ ಹಕ್ಕು ಮಾತ್ರವಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಕೇಳುವ ಹಕ್ಕೂ ಇದೆ. ವಸೂಲಿಗಾರ ಈ ಹಕ್ಕನ್ನು ಬಳಸಿದ್ದನ್ನು ನಾವಂತೂ ಕಂಡಿಲ್ಲ. ಬಳಸಿದರೆ ಸತ್ಯ ಊರಿನ ಎದುರು ಬಯಲಾಗುತ್ತದೆ, ಬಯಲಾದದ್ದನ್ನು ಮಾರುವುದು ಹೇಗೆ?

ಉದ್ದೇಶವನ್ನು ಅಳೆಯುವ ಕೋಲು ಅರ್ಜಿಯ ಆಚೆಗಿನ ಕಾಗದಗಳಲ್ಲಿದೆ. ಶುಲ್ಕ ಕಟ್ಟಿದನೇ? ಕೊಟ್ಟ ಪ್ರತಿಗಳನ್ನು ಬಂದು ತೆಗೆದುಕೊಂಡನೇ, ಅಥವಾ ಕಟ್ಟಿಟ್ಟ ಕಟ್ಟು ಕಚೇರಿಯ ಬೀರುವಿನಲ್ಲೇ ಇದೆಯೇ? ಮೂವತ್ತು ದಿನದೊಳಗೆ ಉತ್ತರ ಬರದಿದ್ದಾಗ ಮೊದಲ ಮೇಲ್ಮನವಿ ಹಾಕಿ, ಆಮೇಲೆ ತೊಂಬತ್ತು ದಿನದೊಳಗೆ ಆಯೋಗಕ್ಕೆ ಎರಡನೆಯದನ್ನು ಹಾಕಿದನೇ? ವಿಚಾರಣೆ ದಿನ ಹಾಜರಾದನೇ? ಪಡೆದ ಮಾಹಿತಿಯನ್ನು ಗ್ರಾಮಸಭೆಯಲ್ಲಿ ಓದಿದನೇ, ಪತ್ರಿಕೆಗೆ ಕೊಟ್ಟನೇ, ತನಿಖೆ ಮಾಡುವವರಿಗೆ ಲಿಖಿತವಾಗಿ ಸಲ್ಲಿಸಿ ಸಂಖ್ಯೆ ಪಡೆದನೇ? ಲೋಕಾಯುಕ್ತಕ್ಕೆ ದೂರು ಕೊಡುವುದು ಬಿಳಿ ಹಾಳೆಯಲ್ಲಿ ಗೀಚಿದಂತಲ್ಲ. ನಿಗದಿತ ನಮೂನೆ ಬೇಕು, ಜೊತೆಗೆ ಪ್ರಮಾಣಪತ್ರ ಬೇಕು, ಸುಳ್ಳು ದೂರಿಗೆ ಜೈಲು ಶಿಕ್ಷೆ ಇದೆ ಎಂದು 1984ರ ಲೋಕಾಯುಕ್ತ ಕಾಯ್ದೆಯ 20ನೇ ಕಲಮಿನಲ್ಲೇ ಬರೆದಿದೆ. ‘ದೂರು ಕೊಟ್ಟಿದ್ದೇನೆ’ ಎನ್ನುವವನನ್ನು ಸಂಖ್ಯೆ ಕೇಳಿದರೆ ಮುಖಭಾವವೇ ಮುಕ್ಕಾಲು ಉತ್ತರ ಹೇಳುತ್ತದೆ.

ಗುರುತಿನ ಚೀಟಿಯ ಮಾತೂ ಬಂತು. ‘ರಾಷ್ಟ್ರೀಯ ಭ್ರಷ್ಟಾಚಾರ ನಿರ್ಮೂಲನಾ’ ಇತ್ಯಾದಿ ಉದ್ದ ಹೆಸರಿನ ಕಾರ್ಡು, ಅದರ ಮೇಲೆ ಮೂರು ಸಿಂಹದ ಲಾಂಛನ, ಕೆಳಗೆ ‘ರಾಜ್ಯಾಧ್ಯಕ್ಷರು’. ಸಂಸ್ಥೆಯ ಕಚೇರಿ ಎಲ್ಲಿ ಎಂದರೆ ಒಂದು ಮೊಬೈಲ್ ನಂಬರ್. ಮಾಹಿತಿ ಹಕ್ಕು ಬಳಸಲು ಯಾವ ಕಾರ್ಡೂ ಬೇಡ, ಭಾರತದ ಪ್ರಜೆ ಆಗಿದ್ದರೆ ಸಾಕು. ‘ಆರ್‌ಟಿಐ ಕಾರ್ಯಕರ್ತ’ ಎಂಬ ಪದವಿಯನ್ನು ಯಾವ ಸರ್ಕಾರವೂ ಕೊಡುವುದಿಲ್ಲ. ರಾಷ್ಟ್ರಲಾಂಛನವನ್ನು ಖಾಸಗಿಯಾಗಿ ಹಾಗೆ ಬಳಸುವುದು ಲಾಂಛನದ ದುರ್ಬಳಕೆ ತಡೆಯುವ 2005ರ ಇನ್ನೊಂದು ಕಾಯ್ದೆಯಂತೆ ಅಪರಾಧ, ಎರಡು ವರ್ಷದವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ. ಕಾರ್ಡು ತೋರಿಸಿ ಹೆದರಿಸಲು ಬಂದವನ ಕಾರ್ಡಿನ ಫೋಟೊ ತೆಗೆದುಕೊಳ್ಳುವುದು ಆತನ ವಿರುದ್ಧ ಮೊದಲ ಸಾಕ್ಷಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ನಾವೂ ಒಂದು ಕಡೆಯ ವಕೀಲರಾಗುತ್ತೇವೆ. ‘ಅವನ ಉದ್ದೇಶ ಸರಿಯಿಲ್ಲ’ ಎಂಬ ಮಾತನ್ನು ಈ ನಾಡಿನಲ್ಲಿ ಅತಿ ಹೆಚ್ಚು ಬಳಸುವವರು ಲೆಕ್ಕ ಕೊಡಲು ಇಷ್ಟವಿಲ್ಲದವರು. ಅದಕ್ಕೇ ಕಾಯ್ದೆ ಬರೆದವರು 6(2) ಕಲಮಿನಲ್ಲಿ, ಮಾಹಿತಿ ಏಕೆ ಬೇಕು ಎಂದು ಅರ್ಜಿದಾರನನ್ನು ಕೇಳುವಂತಿಲ್ಲ ಎಂದು ಹೇಳಿಟ್ಟರು. ಕೇಳಬಹುದಿದ್ದರೆ ಎಲ್ಲ ಅರ್ಜಿಗೂ ‘ದುರುದ್ದೇಶಪೂರಿತ’ ಎಂಬ ಒಂದೇ ಉತ್ತರದ ರಬ್ಬರ್ ಸ್ಟಾಂಪು ತಯಾರಾಗುತ್ತಿತ್ತು. ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದ ತೀರ್ಪಿನಲ್ಲಿ, ಸರ್ಕಾರಿ ಸಿಬ್ಬಂದಿಯ ಶೇ 75ರಷ್ಟು ಮಂದಿ ತಮ್ಮ ಸಮಯದ ಶೇ 75ರಷ್ಟನ್ನು ಮಾಹಿತಿ ಒದಗಿಸುವುದರಲ್ಲೇ ಕಳೆಯುವ ಸ್ಥಿತಿ ಬರಬಾರದು ಎಂದು ಹೇಳಿತ್ತು. ಆ ಸಾಲನ್ನು ಅರ್ಜಿ ತಿರಸ್ಕರಿಸುವ ಪತ್ರಗಳಲ್ಲಿ ಧಾರಾಳವಾಗಿ ಎತ್ತಿ ಹಾಕುತ್ತಾರೆ. ಅದೇ ತೀರ್ಪಿನಲ್ಲಿ ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಎಂದು ಹೇಳಿರುವುದನ್ನು ಎತ್ತುವವರು ಕಡಿಮೆ.

ಕರ್ನಾಟಕದ್ದೇ ಒಂದು ವಿಚಿತ್ರ ನೋಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಐದು ರಸ್ತೆಯ ಲೆಕ್ಕ ಬೇಕಾದವನು ಐದು ಅರ್ಜಿ ಹಾಕಲೇಬೇಕು. ಹಾಕಿದರೆ ‘ಈತ ನೂರಾರು ಅರ್ಜಿ ಹಾಕುವ ಚಟದವನು’ ಎಂಬ ಪಟ್ಟ. ರಾಜ್ಯ ಮಾಹಿತಿ ಆಯೋಗ ಕೆಲವು ಅರ್ಜಿದಾರರನ್ನು ಕಪ್ಪುಪಟ್ಟಿಗೆ ಸೇರಿಸಿದ್ದು ಸುದ್ದಿಯಾಗಿತ್ತು. ಅವರಲ್ಲಿ ವಸೂಲಿಗಾರರು ಇದ್ದಿರಬಹುದು. ಇದ್ದರೆ ಪೊಲೀಸರಿಗೆ ಒಪ್ಪಿಸಬೇಕಿತ್ತು. ಕಪ್ಪುಪಟ್ಟಿ ಎಂಬುದು ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ಸಂಖ್ಯೆಯಿಂದ ಉದ್ದೇಶವನ್ನು ಅಳೆಯಲು ಹೊರಟರೆ ಒಂದೇ ಅರ್ಜಿ ಹಾಕಿ ಲಕ್ಷ ಎತ್ತಿದವನು ಸಾಚಾ ಆಗಿ ಉಳಿಯುತ್ತಾನೆ, ನೂರು ಅರ್ಜಿ ಹಾಕಿ ನೂರರ ಉತ್ತರವನ್ನೂ ಊರಿಗೆ ಹಂಚಿದವನು ಆರೋಪಿ ಆಗುತ್ತಾನೆ.

ನಿಜವಾದವರು ಎಂಥ ಬೆಲೆ ತೆತ್ತಿದ್ದಾರೆ ಎಂಬುದೂ ನೆನಪಿರಲಿ. ಪುಣೆ ಬಳಿಯ ತಳೆಗಾಂವ್‌ನಲ್ಲಿ ಭೂಹಗರಣ ಕೆದಕಿದ ಸತೀಶ್ ಶೆಟ್ಟಿ 2010ರ ಜನವರಿಯಲ್ಲಿ ಬೆಳಗಿನ ನಡಿಗೆಗೆ ಹೋದಾಗ ಕೊಲೆಯಾದರು. ಗಿರ್ ಅರಣ್ಯದ ಸುತ್ತಲಿನ ಅಕ್ರಮ ಗಣಿಗಾರಿಕೆ ವಿರುದ್ಧ ಹೋರಾಡಿದ ಅಮಿತ್ ಜೇಠ್ವಾ ಅದೇ ವರ್ಷ ಜುಲೈನಲ್ಲಿ ಗುಜರಾತ್ ಹೈಕೋರ್ಟ್ ಎದುರೇ ಗುಂಡಿಗೆ ಬಲಿಯಾದರು. ಬೆಂಗಳೂರಿನಲ್ಲಿ ಲೋಕಾಯುಕ್ತಕ್ಕೆ ದೂರು ಕೊಟ್ಟಿದ್ದ ಲಿಂಗರಾಜು ಅವರನ್ನು 2012ರ ನವೆಂಬರ್‌ನಲ್ಲಿ ಮನೆಯ ಬಳಿಯೇ ಕೊಚ್ಚಿ ಕೊಂದರು. ಹಣಕ್ಕೆ ಬಗ್ಗುವವನನ್ನು ಯಾರೂ ಕೊಲ್ಲುವ ಗೋಜಿಗೆ ಹೋಗುವುದಿಲ್ಲ, ಕೊಟ್ಟು ಕಳುಹಿಸುತ್ತಾರೆ.

ವ್ಯಕ್ತಿಗಳನ್ನು ಮಾತ್ರ ಜಾಲಾಡಿ ದೊಡ್ಡವರನ್ನು ಬಿಡುವುದೂ ನ್ಯಾಯವಲ್ಲ. ಅನ್ಯಾಯದ ವಿರುದ್ಧ ಎಂದು ಎದೆತಟ್ಟಿದ ಪಕ್ಷಗಳನ್ನು ಇದೇ ಕೋಲಿನಿಂದ ಅಳೆಯೋಣ. ಅಕ್ರಮ ಗಣಿಗಾರಿಕೆ ವಿರುದ್ಧ ಕಾಂಗ್ರೆಸ್ 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೊಮೀಟರ್ ಪಾದಯಾತ್ರೆ ಮಾಡಿತು. ಆ ಗಣಿ ಲೂಟಿಯನ್ನು ದಾಖಲೆಗೆ ತಂದದ್ದು ಲೋಕಾಯುಕ್ತರ 2011ರ ಜುಲೈ ವರದಿ. 2013ರಲ್ಲಿ ಅಧಿಕಾರಕ್ಕೆ ಬಂದ ಅದೇ ಕಾಂಗ್ರೆಸ್ ಪಕ್ಷದ ಸರ್ಕಾರ 2016ರ ಮಾರ್ಚ್ 14ರಂದು ಭ್ರಷ್ಟಾಚಾರ ನಿಗ್ರಹ ದಳ ಎಂಬ ಎಸಿಬಿಯನ್ನು ಹುಟ್ಟುಹಾಕಿ, ಲೋಕಾಯುಕ್ತ ಪೊಲೀಸರ ಕೈಯಿಂದ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕರಣಗಳನ್ನು ಕಿತ್ತುಕೊಂಡಿತು. ಎಸಿಬಿ ಇದ್ದದ್ದು ಮುಖ್ಯಮಂತ್ರಿಯ ಅಧೀನದಲ್ಲಿ. ವಿರೋಧ ಪಕ್ಷದಲ್ಲಿದ್ದಾಗ ಅದನ್ನು ಜರೆದ ಬಿಜೆಪಿ ಮತ್ತು ಜೆಡಿಎಸ್, 2018ರಿಂದ ಸರದಿಯಂತೆ ಅಧಿಕಾರ ಹಿಡಿದಾಗ ಮುಟ್ಟಲೇ ಇಲ್ಲ. ರದ್ದು ಮಾಡಿದ್ದು 2022ರ ಆಗಸ್ಟ್ 11ರ ಹೈಕೋರ್ಟ್ ತೀರ್ಪು. ಹಾಗೆಂದು ಲೋಕಾಯುಕ್ತ ಸಂಸ್ಥೆಯೇನೂ ಪ್ರಶ್ನಾತೀತವಲ್ಲ. ಆ ಕಚೇರಿಯ ಹೆಸರಿನಲ್ಲೇ ಅಧಿಕಾರಿಗಳಿಂದ ಸುಲಿಗೆ ನಡೆಯುತ್ತಿದೆ ಎಂಬ ಆರೋಪ 2015ರಲ್ಲಿ ಎದ್ದು, ಆಗಿನ ಲೋಕಾಯುಕ್ತರು ವರ್ಷದ ಕೊನೆಗೆ ರಾಜೀನಾಮೆ ಕೊಡುವವರೆಗೆ ಹೋಯಿತು. ಇಂದಿಗೂ ‘ಲೋಕಾಯುಕ್ತದಿಂದ ಮಾತಾಡ್ತಿದೀನಿ, ನಿಮ್ಮ ಮೇಲೆ ರೇಡ್ ಇದೆ’ ಎಂದು ಫೋನ್ ಮಾಡಿ ಇಂಜಿನಿಯರುಗಳಿಂದ ಹಣ ಕೀಳುವ ಪ್ರಕರಣಗಳು ವರದಿಯಾಗುತ್ತಲೇ ಇವೆ. ನಿಜವಾದ ದಾಳಿಗೆ ಮುಂಚೆ ಯಾರೂ ಫೋನ್ ಮಾಡುವುದಿಲ್ಲ ಎಂಬುದು ಗೊತ್ತಿರುವ ಅಧಿಕಾರಿಯೂ ಹೆದರಿ ಕೊಡುತ್ತಾನೆ ಎಂದರೆ, ಹೆದರಿಕೆಯ ಮೂಲ ಫೋನಿನಲ್ಲಿಲ್ಲ, ಅವನ ಬೀರುವಿನಲ್ಲಿದೆ.

ಬೆದರಿಕೆ ಬಂದವರು ಏನು ಮಾಡಬೇಕು? ಮೊದಲನೆಯದಾಗಿ ಹಣ ಕೊಡಬಾರದು, ಮಾತುಕತೆಗೆ ಮಧ್ಯವರ್ತಿಯನ್ನೂ ಒಪ್ಪಬಾರದು. ಕರೆ, ವಾಟ್ಸ್ಆ್ಯಪ್ ಸಂದೇಶ ಯಾವುದನ್ನೂ ಅಳಿಸಬಾರದು. ಧ್ವನಿಮುದ್ರಣವನ್ನು ಬೇರೆ ಫೋನಿಗೆ ಕಳುಹಿಸಿ ಮೂಲ ಫೋನನ್ನು ಮಾರಿಬಿಡುವುದು ಎಲ್ಲರೂ ಮಾಡುವ ತಪ್ಪು. ಕೋರ್ಟಿನಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಅದಕ್ಕೆ ಮೂಲ ಸಾಧನ ಇರುವುದು ಕ್ಷೇಮ. ಸುಲಿಗೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಮೂರು ವರ್ಷ ಇದ್ದ ಗರಿಷ್ಠ ಶಿಕ್ಷೆ ಇದರಲ್ಲಿ ಏಳು ವರ್ಷ. ದೂರನ್ನು ಇಮೇಲ್ ಮೂಲಕವೂ ಕಳುಹಿಸಬಹುದು, ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಿದರೆ ಅದು ದಾಖಲಾಗುತ್ತದೆ. ‘ಇಂಜಿನಿಯರ್ ಹತ್ರ ಮಾತಾಡಿ ನೋಟಿಸ್ ನಿಲ್ಲಿಸ್ತೀನಿ’ ಎಂದು ದುಡ್ಡು ಕೇಳುವ ಮಧ್ಯವರ್ತಿಗೆ ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಕಲಮೇ ಅನ್ವಯಿಸುತ್ತದೆ, ಅವನು ಸರ್ಕಾರಿ ನೌಕರ ಆಗಿರಬೇಕೆಂದಿಲ್ಲ.

ದೂರು ಕೊಡಲು ಜನ ಹಿಂಜರಿಯುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು: ಕಟ್ಟಡದಲ್ಲಿ ನಿಜವಾಗಿ ಉಲ್ಲಂಘನೆ ಇರುತ್ತದೆ. ಹಾಗಿದ್ದಾಗ ವಸೂಲಿಗಾರನಿಗೆ ಕೊಡುವ ಹಣದಲ್ಲಿ ಒಬ್ಬ ಒಳ್ಳೆಯ ಆರ್ಕಿಟೆಕ್ಟ್ ಕೈಲಿ ಅಳತೆ ಮಾಡಿಸುವುದು ಲಾಭ. 2003ರ ಬೆಂಗಳೂರು ಕಟ್ಟಡ ಉಪವಿಧಿಗಳಲ್ಲಿ ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಜಾಗ), ಕಟ್ಟಡ ಆವರಿಸುವ ವ್ಯಾಪ್ತಿ ಮುಂತಾದವುಗಳಲ್ಲಿ ಶೇ 5ರೊಳಗಿನ ಸಣ್ಣ ವ್ಯತ್ಯಾಸವನ್ನು ಆಯುಕ್ತರು ಸಕ್ರಮಗೊಳಿಸಲು ಅವಕಾಶ ಇಟ್ಟಿದ್ದಾರೆ. ಅದಕ್ಕೂ ಮೀರಿದ್ದರೆ, ಮೋಲ್ಡ್ ಹಾಕುವ ಮುಂಚೆ ಪ್ಯಾರಾಪೆಟ್ ಒಳಗೆ ತೆಗೆದುಕೊಳ್ಳುವುದು, ಚಾಚಿದ ಬಾಲ್ಕನಿ ಕತ್ತರಿಸುವುದು ಇನ್ನೂ ಅಗ್ಗ. ಓಸಿಗೆ ಹೋದಾಗ ಇಡೀ ಕಟ್ಟಡ ನಿಲ್ಲುವುದಕ್ಕಿಂತ ವಾಸಿ.

ಇನ್ನು ಕಚೇರಿಗಳು. ಅಧಿಕಾರಿಗಳು ವಸೂಲಿಗಾರರ ಕಾಟ ತಾಳಲಾರದೆ ಕಾಯ್ದೆಯನ್ನೇ ಬಿಗಿ ಮಾಡಿ ಎನ್ನುತ್ತಾರೆ. ಬಿಗಿ ಆಗುತ್ತಲೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ, ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ಅದರೊಳಗಿದ್ದ ಸಾರ್ವಜನಿಕ ಹಿತದ ಮಾತನ್ನು ತೆಗೆದು, ‘ವೈಯಕ್ತಿಕ ಮಾಹಿತಿ’ ಎಂಬಷ್ಟನ್ನೇ ಉಳಿಸಿದ್ದಾರೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಎನ್ನುವ 8(2) ಕಲಂ ಇನ್ನೂ ಇದೆ, ಆದರೆ ಅದನ್ನು ನೆನಪಿಸಿಕೊಂಡು ಉತ್ತರ ಬರೆಯುವ ಮಾಹಿತಿ ಅಧಿಕಾರಿ ಎಷ್ಟು ಜನ? ಎನ್‌ಎಂಆರ್‌ನಲ್ಲಿರುವ ಕೂಲಿಕಾರರ ಹೆಸರೂ ವೈಯಕ್ತಿಕ ಎಂದು ಬಿಟ್ಟರೆ, ಊರು ಬಿಟ್ಟು ಹೋದವನ, ಸತ್ತವನ ಹೆಸರಿನಲ್ಲಿ ಎತ್ತಿದ ಕೂಲಿ ಹಿಡಿಯುವುದು ಹೇಗೆ? ಹೀಗೆ ಬಿಗಿ ಮಾಡುವುದರಿಂದ ವಸೂಲಿಗಾರನ ಕಸುಬು ನಿಲ್ಲುವುದಿಲ್ಲ, ಬೆಲೆ ಏರುತ್ತದೆ. ಕಡತ ಎಷ್ಟು ಗುಟ್ಟಾಗಿದೆಯೋ ಅದನ್ನು ಹೊರಹಾಕುತ್ತೇನೆ ಎಂಬ ಬೆದರಿಕೆಗೆ ಅಷ್ಟು ದರ.

ಮಾಡಬೇಕಾದದ್ದು ತಿರುಗಾಮುರುಗಾ. 4(1)(ಬಿ) ಕಲಮಿನಂತೆ ಹದಿನೇಳು ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಕಾಯ್ದೆ ಹೇಳಿ ಇಪ್ಪತ್ತು ವರ್ಷ ದಾಟಿತು. ಬಹುತೇಕ ಕಚೇರಿಗಳ ಜಾಲತಾಣದಲ್ಲಿ ಆ ಪುಟ ತೆರೆದರೆ ವರ್ಗವಾಗಿ ಹೋದ ಅಧಿಕಾರಿಯ ಹೆಸರು, ಯಾವುದೋ ಹಳೆಯ ವರ್ಷದ ಬಜೆಟ್. ಪ್ರತಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಬಿಲ್ಲುಗಳನ್ನು ಹಣ ಪಾವತಿ ಆದ ವಾರದೊಳಗೆ ಸ್ಕ್ಯಾನ್ ಮಾಡಿ ಹಾಕಿದರೆ ಸಾಕು. ಅದೇ ರೀತಿ ಮಂಜೂರಾದ ಪ್ರತಿ ಕಟ್ಟಡ ನಕ್ಷೆ, ಕೊಟ್ಟ ಪ್ರತಿ ನೋಟಿಸು. ಮಾಹಿತಿ ಹಕ್ಕಿನ ಅರ್ಜಿಗಳನ್ನೂ ಅವುಗಳ ಉತ್ತರಗಳನ್ನೂ ಜಾಲತಾಣದಲ್ಲಿ ಹಾಕಬೇಕೆಂದು ಕೇಂದ್ರದ ಸಿಬ್ಬಂದಿ ಇಲಾಖೆ 2013ರ ಏಪ್ರಿಲ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಪಾಲಿಕೆ, ಪಂಚಾಯಿತಿಗಳಿಗೂ ರಾಜ್ಯ ಸರ್ಕಾರ ಅದನ್ನು ಕಡ್ಡಾಯ ಮಾಡಲಿ. ಅರ್ಜಿದಾರನ ಹೆಸರು, ವಿಳಾಸ ಮರೆಮಾಡಿ ಉತ್ತರ ಮಾತ್ರ ಹಾಕಲಿ.

ಎಲ್ಲಕ್ಕಿಂತ ಮುಖ್ಯ, ‘ಮಾಹಿತಿ ಬೇಡ’ ಎಂಬ ಪತ್ರ ಬಂದರೆ ಕಡತ ಮುಚ್ಚಬಾರದು, ಆ ಉತ್ತರವನ್ನು ತಪ್ಪದೆ ಪ್ರಕಟಿಸಬೇಕು. ಕೇಂದ್ರ ಸರ್ಕಾರ 2017ರ ಕರಡು ನಿಯಮದಲ್ಲಿ, ಮೇಲ್ಮನವಿಯನ್ನು ಹಿಂಪಡೆಯಬಹುದು, ಅರ್ಜಿದಾರ ಸತ್ತರೆ ಅದು ತಾನಾಗಿ ಮುಗಿಯುತ್ತದೆ ಎಂದು ಸೇರಿಸಲು ಹೊರಟಾಗ ದೊಡ್ಡ ವಿರೋಧ ಬಂದದ್ದು ಇದಕ್ಕೇ. ಹಿಂಪಡೆಯಲು ಬಿಟ್ಟರೆ ಹಣಕ್ಕೆ ದಾರಿ, ಸತ್ತರೆ ಮುಗಿಯುತ್ತದೆ ಎಂದರೆ ಮಚ್ಚಿಗೆ ದಾರಿ. ಭೋಪಾಲದಲ್ಲಿ ಆರ್‌ಟಿಐ ಕಾರ್ಯಕರ್ತೆ ಶೆಹ್ಲಾ ಮಸೂದ್ ಹತ್ಯೆಯಾದ ಮೇಲೆ, 2011ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಒಂದು ನಿರ್ಣಯ ಮಾಡಿತ್ತು: ಅರ್ಜಿದಾರನ ಮೇಲೆ ಹಲ್ಲೆ ಅಥವಾ ಕೊಲೆಯಾದರೆ, ಅವನು ಕೇಳಿದ್ದ ಮಾಹಿತಿಯನ್ನೆಲ್ಲ ಕೂಡಲೇ ಬಹಿರಂಗ ಮಾಡಿಸುವುದು. ಕೊಂದರೂ ಮಾಹಿತಿ ಹೊರಬರುತ್ತದೆ ಎಂದಾದರೆ ಕೊಲ್ಲುವುದರಿಂದ ಪ್ರಯೋಜನವಿಲ್ಲ ಎಂಬುದು ಅದರ ಲೆಕ್ಕ. ಹಣ ಪಡೆದು ಹಿಂದೆ ಸರಿದವನ ಅರ್ಜಿಗೂ ಅದೇ ಲೆಕ್ಕ ಹಾಕಿದರೆ ಆಯಿತು. ನಮ್ಮ ರಾಜ್ಯ ಆಯೋಗ ಇಂಥದೊಂದು ಆದೇಶ ಹೊರಡಿಸಲು ವಿಧಾನಸೌಧದ ಅಪ್ಪಣೆಗೆ ಕಾಯಬೇಕಿಲ್ಲ.

ಕೊನೆಗೆ ಪತ್ರಿಕೆಗಳಲ್ಲೂ ಒಂದು ಕೋರಿಕೆ. ‘ಆರ್‌ಟಿಐ ಕಾರ್ಯಕರ್ತ ಬಂಧನ’ ಎಂದು ಸುದ್ದಿ ಹಾಕುವಾಗ ವರದಿಗಾರರು ಇನ್ನೊಂದು ಪ್ರಶ್ನೆ ಕೇಳಿ ಬರಲಿ: ಅವನು ಯಾವ ಕಡತ ತೋರಿಸಿ ಹೆದರಿಸಿದ, ಆ ಕಡತದಲ್ಲಿ ಇರುವುದೇನು? ಅವನು ಜೈಲಿಗೆ ಹೋದ ಮೇಲೆ ಆ ರಸ್ತೆಯ ದಪ್ಪವನ್ನು ಯಾರಾದರೂ ಅಳೆದರೇ? ನಾವು ಗಮನಿಸಿದ ಮಟ್ಟಿಗೆ, ಬಂಧನದ ಜೊತೆಗೆ ಆ ಕಡತವೂ ಮುಚ್ಚಿಹೋಗುತ್ತದೆ. ಹಣ ಕೇಳಿದವನ ಫೋಟೊ ಮುಖಪುಟದಲ್ಲಿ ಬರುತ್ತದೆ, ಹಣ ಕೊಡಲು ಸಿದ್ಧನಾಗಿದ್ದವನು ಏನನ್ನು ಮುಚ್ಚಿಡಲು ಹೊರಟಿದ್ದ ಎಂಬುದು ಒಳಪುಟದಲ್ಲೂ ಬರುವುದಿಲ್ಲ. ಆ ಎರಡನೆಯ ಸುದ್ದಿಗೆ ತಗಲುವ ಖರ್ಚು ಹತ್ತು ರೂಪಾಯಿ ಅರ್ಜಿ ಶುಲ್ಕ, ಹಾಳೆಗೆ ಎರಡು ರೂಪಾಯಿ.

ಇಂತಿ,
ಕೆಲವು ಓದುಗರು, ತುಮಕೂರು